ಮಚಾಕೋಸ್‌ಗೆ ಒಯ್ದ ಕಾಗದ

ಸಿರುಗುಪ್ಪ

ಆ ದಿನ ಬೆಳಿಗ್ಗೆ ನನ್ನ ಗಂಡ ಉಪ್ಪುನೀರಿನಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದರು. ಎರಡು ಲವಂಗ ಬಾಯಿಗೆ ಹಾಕಿಕೊಂಡರು. ಊಟಕ್ಕೆ ಕೂತಾಗ ಮೊಸರು ಬೇಡವೆಂದರು. ಕಬಡ್ಡಿ ಪಂದ್ಯಕ್ಕೆ ಮೈಕ್ ಹಿಡಿಯುವ ದಿನ ಅವರ ಪಥ್ಯ ಯಾವಾಗಲೂ ಇಷ್ಟೇ. ಹೆಸರು ಹುಲುಗಪ್ಪ. ಕುರುಗೋಡಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರು. ಆದರೆ ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಜನ ಅವರನ್ನು ಗುರುತು ಹಿಡಿಯುತ್ತಿದ್ದದ್ದು ದನಿಯಿಂದ. ಬಸ್ಸಿನಲ್ಲಿ ಟಿಕೆಟ್ ಕೇಳಿದರೂ ಯಾರಾದರೊಬ್ಬರು ಹಿಂದಿರುಗಿ ನೋಡುತ್ತಿದ್ದರು.

ಆವತ್ತು ಸಿರುಗುಪ್ಪದಲ್ಲಿ ಫೈನಲ್. ನಾನು ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು, ಪಂದ್ಯಗಳಿಗೆ ಹೋಗುವುದು ಕಡಿಮೆ. ಅಂದು ಭಾನುವಾರವಾದ್ದರಿಂದ ಹೊರಟೆ. ತೆಕ್ಕಲಕೋಟೆ ದಾಟುವಾಗ ಗದ್ದೆಗಳಿಗೆ ಕಾಲುವೆ ನೀರು ಬಿಟ್ಟಿದ್ದರು. ಇವರು ಕಿಟಕಿಯಿಂದ ನೋಡುತ್ತ, "ಹನುಮಿ, ಈ ಸಲ ಹಚ್ಚೊಳ್ಳಿಗೂ ನೀರು ಮುಟ್ಟೈತಂತ" ಎಂದರು. ಹಚ್ಚೊಳ್ಳಿ ನಮ್ಮಿಬ್ಬರ ಊರು. ನಾನು "ಹ್ಞೂಂ" ಎಂದೆ. ಅವರು ಮೊದಲಿನ ಹಾಗೆ ಇದ್ದಾಗ ನಾವು ಆಡಿದ ಕೊನೆಯ ಮಾತು ಅದು. ನೆನಪಿಟ್ಟುಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ನಮ್ಮ ಕಡೆಯ ಕಬಡ್ಡಿಯಲ್ಲಿ ಒಂದು ಪದ್ಧತಿಯಿದೆ. ಆಟಗಾರನೊಬ್ಬ ಚೆನ್ನಾಗಿ ದಾಳಿ ಮಾಡಿ ಬಂದರೆ ಮೈಕ್ ಹಿಡಿದವರು ಅವನಿಗೊಂದು ಹೆಸರು ಕಟ್ಟುತ್ತಾರೆ. ಜನ ಚಪ್ಪಾಳೆ ತಟ್ಟಿದ ಮೇಲೆ ಆ ಆಟಗಾರ ನೆಲ ಮುಟ್ಟಿ, ಮೈಕಿನ ಮೇಜಿನ ಕಡೆಗೆ ಬಲಗೈ ಎತ್ತಬೇಕು. ಹೆಸರು ಒಪ್ಪಿಕೊಂಡೆ ಎಂದು ಅದರರ್ಥ. ಹಚ್ಚೊಳ್ಳಿಯ ಒಬ್ಬನಿಗೆ ನನ್ನ ಗಂಡ 'ಕಾಲುವಿ ನೀರು' ಎಂದು ಕಟ್ಟಿದ್ದರು. ಅವನು ಇಂದಿಗೂ ಊರಲ್ಲಿ ಅದೇ ಹೆಸರಿನಿಂದ ಓಡಾಡುತ್ತಾನೆ.

ತೆಕ್ಕಲಕೋಟೆ ತಂಡದವರು ಆ ವರ್ಷ ಕೀನ್ಯಾ ದೇಶದ ಆಟಗಾರನೊಬ್ಬನನ್ನು ಕರೆಸಿದ್ದರು. ಮುಟಿಸೊ ಅಂತ. ಎತ್ತರದ, ಕಪ್ಪು ಮೈಯ, ಮಿತಭಾಷಿ ಹುಡುಗ. ಒಂದು ತಿಂಗಳಿದ್ದು "ಊಟ ಆತೇನ್ರಿ" ಅನ್ನುವುದನ್ನು ಕಲಿತಿದ್ದ. ಸಂಜೆ ದೀಪ ಹಾಕಿದ ಮೇಲೆ ಅವನು ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಬಂದ. ಮೈದಾನ ಎದ್ದು ನಿಂತಿತು. ಆಗ ಮೈಕಿನಲ್ಲಿ ನನ್ನ ಗಂಡನ ದನಿ ಬಂತು.

"ನೋಡ್ರಪ್ಪಾ! ಈಗ ಕರೆಂಟ್ ಹೋದ್ರ ಇವ ಎಲ್ಲಿ ಅದಾನಂತ ಬ್ಯಾಟರಿ ಹಿಡದು ಹುಡುಕಬೇಕು! ಲೇ ತಮ್ಮಾ, ಒಂದೀಟು ನಗಪಾ, ಹಲ್ಲರ ಕಾಣ್ಲಿ! ಇವತ್ತಿನಿಂದ ಇವನ ಹೆಸರು ಇದ್ಲಿ ಗಾಡಿ!"

ಜನ ಬಿದ್ದು ಬಿದ್ದು ನಕ್ಕರು. ಹೆಂಗಸರ ಸಾಲಿನಲ್ಲಿ ಕೂತಿದ್ದ ನಾನೂ ನಕ್ಕೆ. ಮುಟಿಸೊ ನೆಲ ಮುಟ್ಟಿದ. ನನ್ನ ಗಂಡನ ಕಡೆಗೆ ತಿರುಗಿ, ನಗುತ್ತ, ಬಲಗೈ ಎತ್ತಿದ.

ಪಾರ್ವತಿನಗರ

ಪಂದ್ಯವನ್ನು ಯಾರೋ ಮೊಬೈಲಿನಲ್ಲಿ ನೇರ ಬಿಡುತ್ತಿದ್ದರು. ಮರುದಿನ ಬೆಳಿಗ್ಗೆ ಆ ಒಂದು ತುಣುಕು ಬೇರೆಯಾಗಿ ಓಡಾಡತೊಡಗಿತು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದಿತ್ತು, ಇದ್ದಿಲಿನ ಗಾಡಿ ಎಂದು. ಮಧ್ಯಾಹ್ನಕ್ಕೆ ಬೆಂಗಳೂರಿನ ಟಿವಿಗಳಲ್ಲಿ ಬಂತು. ಸಂಜೆಗೆ ದಿಲ್ಲಿಯ ಟಿವಿಗಳಲ್ಲಿ. ನಾಲ್ಕು ಚೌಕಗಳಲ್ಲಿ ನಾಲ್ಕು ಜನ ಕೂತು ಕೂಗಾಡುತ್ತಿದ್ದರು. ಒಬ್ಬರ ಬಾಯಲ್ಲೂ ಸಿರುಗುಪ್ಪ ಎಂಬ ಹೆಸರು ಸರಿಯಾಗಿ ಬರುತ್ತಿರಲಿಲ್ಲ. ಒಬ್ಬ ಇವರನ್ನು ಜೈಲಿಗೆ ಹಾಕಬೇಕೆಂದ. ಇನ್ನೊಬ್ಬ ಇದು ಹಳ್ಳಿಯ ಮುಗ್ಧ ತಮಾಷೆ, ಇದನ್ನು ದೊಡ್ಡದು ಮಾಡುವುದು ಕನ್ನಡಿಗರಿಗೆ ಮಾಡುವ ಅವಮಾನ ಎಂದ. ಬಳ್ಳಾರಿಯ ಪಾರ್ವತಿನಗರದ ನಮ್ಮ ಗಲ್ಲಿಯಲ್ಲಿ ಕ್ಯಾಮೆರಾ ಹೊತ್ತ ವ್ಯಾನು ನಿಂತಿತು. ಒಬ್ಬ ಹುಡುಗಿ ಬಾಗಿಲಿಗೆ ಮೈಕ್ ಚಾಚಿ, "ಮೇಷ್ಟ್ರೇ, ನೀವು ವರ್ಣದ್ವೇಷಿಯಾ?" ಎಂದು ಕೇಳಿದಳು. ಹೌದು ಅಥವಾ ಇಲ್ಲ, ಒಂದೇ ಮಾತು ಸಾಕಂತೆ.

ಮೂರನೆಯ ದಿನ ಯಾವುದೋ ಸಂಘದವರು ಹಾರ, ಶಾಲು ಹಿಡಿದು ಬಂದರು. ಸನ್ಮಾನ ಮಾಡುತ್ತಾರಂತೆ. ಇವರು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡರು. "ಹೊಟ್ಟಿ ಕೆಟ್ಟೈತ್ರಿ" ಎಂದು ನಾನೇ ಹೇಳಿ ಕಳಿಸಿದೆ. ಅವರು ಹಾರವನ್ನು ಬಾಗಿಲಿಗೆ ಸಿಕ್ಕಿಸಿ, ಫೋಟೋ ತೆಗೆದುಕೊಂಡು ಹೋದರು. ಒಳಗಿದ್ದ ಇವರು ನೀರು ಬಿಟ್ಟುಕೊಂಡಿದ್ದರು, ಅಳುವುದು ಕೇಳಬಾರದೆಂದು.

ಆ ಸಂಜೆ ಇವರು ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ಕೂತು, ಫೋನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಏನ್ ಮಾಡ್ತೀರಿ?"

"ಆ ಹುಡುಗಗ ತಪ್ಪಾತು ಅಂತ ಹೇಳಬೇಕು. ಬರದು ಕೊಟ್ರ ನಡ್ಯಂಗಿಲ್ಲ. ಬಾಯಿಲೆ ಅಂದೀನಿ, ಬಾಯಿಲೆ ಹೇಳಬೇಕು."

ಮುಟಿಸೊ ಆಗಲೇ ತನ್ನ ದೇಶಕ್ಕೆ ಹೊರಟುಹೋಗಿದ್ದ. ಶಾಲೆಯಿಂದ ನೋಟಿಸೂ ಬಂದಿತ್ತು. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತೆ, ಕೆಲಸ ಹೋಗುತ್ತದೆ, ಬಾಯಿ ಬಿಡಬೇಡಿ ಎಂದು ವಕೀಲರು ಹೇಳಿದ್ದರು. ನನ್ನ ತಲೆಯಲ್ಲಿ ಅದೊಂದೇ ಇತ್ತು.

"ಆ ಹುಡುಗಗ ಬ್ಯಾಸರಾಗಿದ್ರ ಕೈ ಯಾಕ ಎತ್ತಿದ್ದಾ? ನೀವ ನೋಡ್ರಿ ವಿಡಿಯೋದಾಗ, ನಕ್ಕೋಂತ ಕೈ ಎತ್ತ್ಯಾನ. ಅವಗಿಲ್ಲದ ಸಂಕಟ ನಿಮಗ್ಯಾಕ?"

"ಆ ಕೈ ನೋಡೇ ಹೇಳಾಕ ಹೊಂಟೀನಲೇ."

ನಾನು ಫೋನ್ ಕಸಿದುಕೊಂಡೆ. ನನ್ನ ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋದೆ. ಇವರು ಹಿಂದೆ ಬರಲಿಲ್ಲ. ಮರುದಿನ ಕೇಳಲೂ ಇಲ್ಲ. ಮೈಕಿನ ಮುಂದೆ ಮೂರು ತಾಸು ನಿಲ್ಲದೆ ಮಾತಾಡುತ್ತಿದ್ದ ಮನುಷ್ಯ ಮನೆಯಲ್ಲಿ ನೀರು ಬೇಕೆಂದು ಕೇಳುವುದನ್ನೂ ಬಿಟ್ಟರು. ಇಪ್ಪತ್ತಮೂರನೆಯ ದಿನ, ನೋಟಿಸಿನ ಉತ್ತರ ಕೊಡಲು ಹೋದವರು ಕುರುಗೋಡಿನ ಬಸ್ ನಿಲ್ದಾಣದಲ್ಲಿ ಇಳಿದು, ಕಟ್ಟೆಯ ಮೇಲೆ ಕೂತು, ಎದೆ ಹಿಡಿದುಕೊಂಡರಂತೆ. ನಾನು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅವರ ಸೀಟಿ ಇಡುವ ಡಬ್ಬಿಯಲ್ಲಿ ಒಂದು ಕಾಗದ ಸಿಕ್ಕಿತು. ಮುಟಿಸೊಗೆ ಬರೆದದ್ದು. ಅದನ್ನು ಅಂಚೆಗೆ ಹಾಕಬಹುದಿತ್ತು. ಆದರೆ ಅವರನ್ನು ತಡೆದವಳು ನಾನು. ನಾನೇ ಒಯ್ಯಬೇಕು ಅನ್ನಿಸಿತು.

ನೈರೋಬಿ

ನನ್ನ ತಮ್ಮ ಮಾರೇಶ ನಾಲ್ಕು ವರ್ಷದಿಂದ ಕೀನ್ಯಾದಲ್ಲಿದ್ದಾನೆ. ಬಳ್ಳಾರಿಯ ಕಬ್ಬಿಣದ ಕಾರ್ಖಾನೆಗಳಲ್ಲಿ ಕೆಲಸ ಕಲಿತ ಅನೇಕರು ಹೀಗೆ ಆಫ್ರಿಕಾಕ್ಕೆ ಹೋಗಿದ್ದಾರೆ. ಅವನು ಅಲ್ಲಿನ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅವನೇ ಹುಡುಕಿ ಹುಡುಕಿ ಮುಟಿಸೊನ ನಂಬರು ಪಡೆದ. ಎರಡು ವಾರ ಉತ್ತರ ಬರಲಿಲ್ಲ. ಆಮೇಲೆ ಎರಡೇ ಸಾಲು ಬಂತು. 'ಬರಬಹುದು. ಕ್ಯಾಮೆರಾ ಬೇಡ.'

ನಾನು ಅದುವರೆಗೆ ವಿಮಾನ ಹತ್ತಿದವಳಲ್ಲ. ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು ಮೂರು ದಿನ ತೋಳು ಎತ್ತಲಾಗಲಿಲ್ಲ. ಆಫ್ರಿಕಾ ಎಂದರೆ ಬಿಸಿಲೆಂದು ನೂಲಿನ ಸೀರೆಗಳನ್ನಷ್ಟೇ ತುಂಬಿಕೊಂಡಿದ್ದೆ. ನೈರೋಬಿಯಲ್ಲಿ ಇಳಿದಾಗ ಹಲ್ಲು ಕಟಕಟ ಎನ್ನುವ ಚಳಿ.

ಅಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ. ಇದು ನನಗೆ ಗೊತ್ತಿರಲಿಲ್ಲ. ಒದ್ದೆಯಾಗದಿರಲೆಂದು ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಶೇಂಗಾ ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೆ. ತಪಾಸಣೆಯ ಹೆಂಗಸು ಚೀಲ ಎಳೆದಳು. ನಾನು ಬಿಡಲಿಲ್ಲ. ಅವಳು ಏನೋ ಹೇಳಿದಳು. ನಾನು ಇನ್ನೂ ಬಿಗಿಯಾಗಿ ಹಿಡಿದೆ. ಇನ್ನೊಬ್ಬ ಅಧಿಕಾರಿ ಬಂದ. ಹಿಂದೆ ಸಾಲು ಬೆಳೆಯಿತು. ನನಗೆ ಮಾತು ಬರುವುದಿಲ್ಲ, ಅವಳಿಗೆ ನನ್ನ ಭಯ ಅರ್ಥವಾಗುವುದಿಲ್ಲ. ಕೊನೆಗೆ ಚಟ್ನಿಪುಡಿಯ ಕೆಳಗಿದ್ದ ನನ್ನ ಗಂಡನ ಫೋಟೋ ಕಂಡಿತು. ಅವಳು ಫೋಟೋ ನೋಡಿದಳು, ಬರಿ ಹಣೆಯ ನನ್ನ ಮುಖ ನೋಡಿದಳು. ಮೆಲ್ಲಗೆ ಗಂಟು ಬಿಚ್ಚಿ, ಕಾಗದವನ್ನು ಎರಡೂ ಕೈಯಿಂದ ನನಗೆ ಕೊಟ್ಟು, ಪ್ಲಾಸ್ಟಿಕ್ಕನ್ನು ಮಾತ್ರ ತೆಗೆದುಕೊಂಡಳು. "ಪೋಲೆ" ಎಂದಳು.

ಹೊರಗೆ ಮಾರೇಶ ನಿಂತಿದ್ದ. ಆ ಮಾತಿನ ಅರ್ಥ ಕೇಳಿದೆ.

"ನಿನಗ ಹಿಂಗಾತಲ್ಲ, ನನಗ ಕೆಟ್ಟನಿಸೈತಿ ಅಂದಂಗ ಅಕ್ಕ. ಇಲ್ಲಿ ದಿನಾ ಅಂತಾರ. ಎಡವಿದ್ರೂ ಅಂತಾರ, ಸತ್ರೂ ಅಂತಾರ."

"ತಪ್ಪು ಮಾಡಿದವರು ಅನ್ನೋದೂ ಇದೇನಾ?"

"ಅಲ್ಲ. ಅದಕ್ಕ ಬ್ಯಾರೆ ಮಾತೈತಿ" ಎಂದು ಅವನು ಚೀಲ ಎತ್ತಿಕೊಂಡ.

ಅಥಿ ರಿವರ್

ಕಾರ್ಖಾನೆಯ ಊರಿನ ಹೆಸರು ಅಥಿ ರಿವರ್. ಬಳ್ಳಾರಿ ಹೊರವಲಯದ ಹಾಗೆಯೇ ಲಾರಿ, ಧೂಳು, ಚಿಮಣಿ. ಹೊಸದೆಂದರೆ, ದಾರಿಯಲ್ಲಿ ಅಪರಿಚಿತರೂ ನಿಂತು ಕೈ ಕುಲುಕುತ್ತಾರೆ. ಕೈ ಹಿಡಿದರೆ ಬೇಗ ಬಿಡುವುದಿಲ್ಲ. ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿ ಮುಗಿಸಿದ ಮೇಲೆಯೇ ಬಿಡುವುದು. ಮಕ್ಕಳು ನನ್ನನ್ನು ಕಂಡು "ಮುಹಿಂದಿ, ಮುಹಿಂದಿ" ಎನ್ನುತ್ತಿದ್ದರು. ಭಾರತದವಳು ಎಂದಂತೆ. ಹಚ್ಚೊಳ್ಳಿಯಲ್ಲಿ ನಾನು ಯಾವ ಕೇರಿಯವಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಅದನ್ನು ಯಾರೂ ಕೇಳಲಿಲ್ಲ. ಇಲ್ಲಿ ನಾನು ಅಂಗಡಿ, ಕಾರ್ಖಾನೆಗಳ ಒಡೆಯರ ಕಡೆಯವಳು. ಕಾವಲಿನವರು ನನ್ನನ್ನು ಕಂಡು ಎದ್ದು ನಿಂತಾಗ ಹಿಂದೆ ತಿರುಗಿ ನೋಡಿದೆ, ಯಾರು ಬಂದರೆಂದು.

ಎರಡನೆಯ ದಿನ ಭಾರತೀಯರ ಮೆಸ್ಸಿನಲ್ಲಿ ಊಟ. ಅನಂತಪುರದ ಸೂಪರ್‌ವೈಸರ್ ಒಬ್ಬರು ಎದುರು ಕೂತಿದ್ದರು. ಒಳ್ಳೆಯ ಮನುಷ್ಯ, ಮಾರೇಶನಿಗೆ ಕೆಲಸ ಕೊಡಿಸಿದವರು.

"ಏಮಯ್ಯಾ ಮಾರೇಶ, ಇವರೇನಾ ನಿಮ್ ಅಕ್ಕ? ಅಮ್ಮಾ, ನಿಮ್ಮ ಯಜಮಾನರ ಡೈಲಾಗ್ ಇಲ್ಲಿ ಫೇಮಸ್ ಅಮ್ಮಾ. ಟಿವಿಯವರು ಸುಮ್ನೆ ಮನುಷ್ಯನ್ನ ಸಾಯಿಸಿಬಿಟ್ರು." ಹೀಗೆಂದು ಫೋನ್ ತೆಗೆದು ಒತ್ತಿದರು.

ನನ್ನ ಗಂಡ ಸತ್ತ ಮೇಲೆ ಅವರ ದನಿಯನ್ನು ನಾನು ಕೇಳಿರಲಿಲ್ಲ. ಆ ಮೆಸ್ಸಿನ ತಗಡಿನ ಸೂರಿನ ಕೆಳಗೆ ಒಮ್ಮೆಲೇ ಅವರು ಬಂದು ನಿಂತಂತಾಯಿತು. 'ನೋಡ್ರಪ್ಪಾ!' ಮೊದಲ ಕ್ಷಣ ನನಗಾದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮಾತು ಮುಂದುವರಿಯಿತು. ಬೆಂಚಿನಲ್ಲಿದ್ದವರು ನಕ್ಕರು. ತಟ್ಟೆ ಇಡುತ್ತಿದ್ದ ಅಡುಗೆಯ ಹೆಂಗಸು ಆ ಊರಿನವಳು. ಅವಳಿಗೆ ಕನ್ನಡ ಬಾರದು, ಆದರೆ ಎಲ್ಲರೂ ನಗುತ್ತಿದ್ದರಲ್ಲ, ಅವಳೂ ನಮ್ಮ ಮುಖ ನೋಡುತ್ತ ನಕ್ಕಳು. ಆ ನಗುವನ್ನು ನಾನು ಮೊದಲೊಮ್ಮೆ ನೋಡಿದ್ದೆ, ಸಿರುಗುಪ್ಪದ ಮೈದಾನದಲ್ಲಿ.

"ಬಂದ್ ಮಾಡ್ರಿ ಸರ್" ಎಂದ ಮಾರೇಶ.

"ತಮಾಷಾ ಕಣಯ್ಯಾ..."

"ಬಂದ್ ಮಾಡ್ರಿ ಅಂದೆ."

ಅವರು ಬಂದ್ ಮಾಡಿದರು. ನಾನು ಕೈ ತೊಳೆದು ಹೊರಗೆ ಬಂದೆ.

ಮಚಾಕೋಸ್

ಅಲ್ಲಿಂದ ಮುಟಿಸೊನ ಊರು ಮಚಾಕೋಸ್‌ಗೆ ಒಂದು ತಾಸಿನ ದಾರಿ. ಹದಿನಾಲ್ಕು ಜನ ಕೂರುವ ವ್ಯಾನಿನಲ್ಲಿ ಹಾಡು ಎಷ್ಟು ಜೋರೆಂದರೆ ಸೀಟು ನಡುಗುತ್ತಿತ್ತು. ನಮ್ಮ ಟಂಟಂ ಆಟೋದವರೇ ವಾಸಿ. ಗುಡ್ಡಗಳ ಮೇಲೆ ಮೆಟ್ಟಿಲಿನಂತೆ ಹೊಲ, ಅದರಲ್ಲಿ ಮೆಕ್ಕೆಜೋಳ, ನಡುನಡುವೆ ಬರಿ ಬಂಡೆ. ಬಂಡೆ ಕಂಡಾಗ ಒಂದಿಷ್ಟು ಧೈರ್ಯ ಬಂತು, ಬಳ್ಳಾರಿಯವಳಿಗೆ ಬೇರೆ ಏನೂ ಬೇಕಿಲ್ಲ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ಕಟ್ಟಿದ್ದು ಪ್ರತಿ ತಿರುವಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು.

ಮುಟಿಸೊ ದಾರಿಗೆ ಬಂದು ನಿಂತಿದ್ದ. ಸಿರುಗುಪ್ಪದಲ್ಲಿ ಕಂಡದ್ದಕ್ಕಿಂತ ತೆಳ್ಳಗಾಗಿದ್ದ. ಮಾರೇಶನ ಕೈ ಕುಲುಕಿದ. ನಾನು ಕೈ ಮುಗಿದೆ. ಅವನು ಮುಗಿಯಲಿಲ್ಲ, ತಲೆ ಮಾತ್ರ ಬಾಗಿಸಿದ. 'ಊಟ ಆತೇನ್ರಿ' ಎಂದಾನೇನೋ ಎಂದು ಕಾದೆ. ಅನ್ನಲಿಲ್ಲ.

ತಗಡಿನ ಮನೆ, ಒಳಗೆ ಕಸೂತಿ ಬಟ್ಟೆ ಹೊದಿಸಿದ ಸೋಫಾ. ಅವನ ತಾಯಿ ದಪ್ಪನೆಯ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನನ್ನ ಗಂಡ ಹೋದದ್ದಕ್ಕೆ "ಪೋಲೆ" ಎಂದರು. ಆದರೆ ನಗಲಿಲ್ಲ. ಬೀನ್ಸ್ ಕಾಳು, ಮೆಕ್ಕೆಜೋಳ ಕೂಡಿಸಿ ಬೇಯಿಸಿದ್ದನ್ನು ಮೇಜಿಗೆ ತಂದಿಟ್ಟರು, ನಮ್ಮ ಗುಗ್ಗರಿಯ ಹಾಗೆ ಇತ್ತು. ಆಮೇಲೆ ಒಂದು ಬೋಗುಣಿ, ಒಂದು ಹೂಜಿ ಹಿಡಿದು ನನ್ನ ಮುಂದೆ ನಿಂತರು. ಹೂಜಿಯನ್ನು ಮೇಲೆತ್ತಿ, ಕೈ ಒಡ್ಡೆಂದು ಸನ್ನೆ ಮಾಡಿದರು.

ನನ್ನ ಕೈಗಳು ತಾವಾಗಿ ಹಿಂದೆ ಸರಿದವು. ನೀರು ನನ್ನ ಸೀರೆಯ ಮೇಲೆ ಬಿತ್ತು. ಹಚ್ಚೊಳ್ಳಿಯಲ್ಲಿ, ನಾನು ಸಣ್ಣವಳಿದ್ದಾಗ, ದೊಡ್ಡವರ ಮನೆಯ ಅಂಗಳದಲ್ಲಿ ನಮ್ಮವರು ಹೀಗೆಯೇ ಬೊಗಸೆ ಒಡ್ಡುತ್ತಿದ್ದರು. ಮೈಲಿಗೆಯಾಗಬಾರದೆಂದು ನೀರನ್ನು ಎತ್ತರದಿಂದ ಹೊಯ್ಯುತ್ತಿದ್ದರು. ಗಂಡ ಮಾಡಿದ್ದಕ್ಕೆ ಹೆಂಡತಿಗೆ ಇದು ಶಿಕ್ಷೆ ಎಂದುಕೊಂಡೆ. ಇದನ್ನೂ ಅನುಭವಿಸಿ ಹೋಗಬೇಕೆಂದು ಮತ್ತೆ ಕೈ ಒಡ್ಡಿದೆ.

"ಅಯ್ಯೋ ಅಕ್ಕ, ಇಲ್ಲಿ ಬಂದವರಿಗೆಲ್ಲ ಹಿಂಗ ಹಾಕ್ತಾರ. ಅದು ಮರ್ಯಾದಿ. ನಿನಗ ಹೇಳಾಕ ಮರ್ತೆ ನೋಡು" ಎಂದ ಮಾರೇಶ.

ನೀರು ಬೆಚ್ಚಗಿತ್ತು. ಮುಟಿಸೊ ನನ್ನನ್ನೇ ನೋಡುತ್ತಿದ್ದ. ಏಕೆ ಹಿಂದೆ ಸರಿದಿರಿ ಎಂದು ಕೇಳಿದ. ಅವನ ಇಂಗ್ಲಿಷನ್ನು ಮಾರೇಶ ನಮ್ಮ ಮಾತಿಗೆ ತಿರುಗಿಸುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೊಗಸೆ, ಅಂಗಳ, ಹೋಟೆಲಿನ ಹೊರಗೆ ಬೇರೆಯಾಗಿಟ್ಟ ಲೋಟ. ಅವನು ಅದನ್ನು ತಾಯಿಗೆ ಅವರ ಭಾಷೆಯಲ್ಲಿ ಹೇಳಿದ. ಅವರು ಹೂಜಿ ಹಿಡಿದೇ ನಿಂತು ಕೇಳಿದರು. ಮರುಗುತ್ತಾರೆ ಎಂದುಕೊಂಡೆ. ಸುಳ್ಳೇಕೆ, ಮರುಗಲಿ ಎಂಬ ಆಸೆಯೂ ಇತ್ತು.

ಅವರು ಕೇಳಿದ್ದು ಒಂದೇ. ಮುಟಿಸೊ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಮಾರೇಶನಿಗೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಏನಂದ್ರು? ಹೇಳು."

"ನಿನ್ನ ಗಂಡಗೂ ಹಿಂಗ ನೀರು ಹಾಕ್ತಿದ್ರೇನು ಅಂತ ಕೇಳ್ತಾರ."

"ಹಾಕ್ತಿದ್ರು."

"ಹಂಗಾದ್ರ ಅವರಿಗೆ ಗೊತ್ತಿತ್ತು ಅಂತಾರ ಅಕ್ಕ. ಗೊತ್ತಿದ್ದೂ ಅಂದ್ರು ಅಂತಾರ."

ತಾಯಿ ಎದುರಿನ ಕುರ್ಚಿಯಲ್ಲಿ ಕೂತು ಇನ್ನೊಂದು ಪ್ರಶ್ನೆ ಕೇಳಿದರು. ಆವತ್ತು ನೀನು ಅಲ್ಲಿದ್ದೆಯಾ?

"ಇದ್ದೆ."

ನಕ್ಕೆಯಾ?

ಮಾರೇಶ ನನ್ನ ಕಡೆ ನೋಡಿದ, ಇಲ್ಲ ಎಂದುಬಿಡು ಎನ್ನುವ ಹಾಗೆ. "ನಕ್ಕೆ" ಎಂದೆ. ಆ ಮಾತನ್ನು ತಿರುಗಿಸುವ ಅಗತ್ಯ ಬೀಳಲಿಲ್ಲ.

ಆಗ ಮುಟಿಸೊ ಮಾತಾಡಿದ. ನನ್ನ ಕಡೆ ನೋಡದೆ, ತನ್ನ ಬಲ ಅಂಗೈ ನೋಡಿಕೊಳ್ಳುತ್ತ ಮಾತಾಡಿದ. ಹೆಸರು ಕಟ್ಟಿದರೆ ಕೈ ಎತ್ತಬೇಕೆಂದು ತಂಡದ ಹುಡುಗರು ಕಲಿಸಿದ್ದರಂತೆ. ಒಂದು ತಿಂಗಳಿನಿಂದ ಮೇಷ್ಟ್ರು ಎಲ್ಲರಿಗೂ ಹೆಸರು ಕಟ್ಟುವುದನ್ನು ನೋಡುತ್ತಿದ್ದನಂತೆ, ತನಗೆ ಯಾವಾಗ ಕಟ್ಟುತ್ತಾರೋ ಎಂದು. ಆ ದನಿ ಅವನಿಗೆ ಬಹಳ ಸೇರುತ್ತಿತ್ತಂತೆ.

"'ಅವರು ಅಂದದ್ದಲ್ಲ ನನಗ ಚುಚ್ಚೋದು' ಅಂತಾನ. 'ಬೈಯೋರು ಎಲ್ಲಾ ಕಡೆ ಅದಾರ. ನಾ ಕೈ ಎತ್ತಿ ಥ್ಯಾಂಕ್ಸ್ ಹೇಳಿದ್ನಲ್ಲ. ಆ ವಿಡಿಯೋದಾಗ ಈಗಲೂ ಥ್ಯಾಂಕ್ಸ್ ಹೇಳ್ಕೋಂತ ಅದೀನಿ' ಅಂತಾನ."

ಪಾರ್ವತಿನಗರದ ಮನೆಯಲ್ಲಿ ನಾನು ಗಂಡನ ಬಾಯಿ ಮುಚ್ಚಿಸಿದ್ದು ಇದೇ ಕೈಯನ್ನು ತೋರಿಸಿ. ಅದನ್ನೂ ಹೇಳಿದೆ. ಫೋನ್ ಕಸಿದದ್ದನ್ನೂ ಹೇಳಿದೆ. ಆಮೇಲೆ ಕಾಗದ ತೆಗೆದೆ. ಮಾರೇಶ ಇಂಗ್ಲಿಷಿನಲ್ಲಿ ಓದುತ್ತೇನೆಂದ. ಮುಟಿಸೊ ಬೇಡವೆಂದ. ಮೊದಲು ಯಾವ ಭಾಷೆಯಲ್ಲಿ ಅಂದರೋ ಅದರಲ್ಲೇ ಕೇಳಬೇಕಂತೆ. ನಾನು ಓದಿದೆ.

'ಮುಟಿಸೊ, ನಾನು ಹೆಸರು ಕಟ್ಟಿದ ಕೂಡಲೇ ನೀನು ಕೈ ಎತ್ತಿದೆ. ಆ ಕೈ ನೋಡಿದಾಗಲೇ ನನಗೆ ಗೊತ್ತಾಯಿತು. ನಾನು ಶಾಲೆಯಲ್ಲಿದ್ದಾಗ ನನ್ನನ್ನು ಜಾತಿ ಹಿಡಿದು ಕರೆಯುತ್ತಿದ್ದರು. ಕರೆದಾಗ ನಗುತ್ತಿದ್ದೆ. ನಕ್ಕರೆ ಹೊಡೆಯುವುದಿಲ್ಲ ಎಂದು ನಗುತ್ತಿದ್ದೆ. ನೀನು ತಿಳಿಯದೆ ಕೈ ಎತ್ತಿದೆ. ನಾನು ತಿಳಿದೂ ಮೈಕ್ ಕೆಳಗಿಡಲಿಲ್ಲ. ಜನ ನಗುತ್ತಿದ್ದರು, ನನಗೆ ಆ ನಗು ಬೇಕಾಗಿತ್ತು. ತಪ್ಪಾಯಿತು. ಇದನ್ನು ಬಾಯಿಂದ ಹೇಳಬೇಕು. ಹೇಳುತ್ತೇನೆ.'

ನನ್ನ ದನಿ ಸಣ್ಣದು. ಅಂಗನವಾಡಿಯ ಮಕ್ಕಳೂ ಹತ್ತಿರ ಬಂದು ಕೇಳಿಸಿಕೊಳ್ಳಬೇಕು. ಮುಗಿದಾಗ ಮುಟಿಸೊನ ಎರಡೂ ಕೈಗಳು ಮಡಿಲಲ್ಲೇ ಇದ್ದವು. ಮಾರೇಶ ಅರ್ಥ ಹೇಳಿದ ಮೇಲೂ ಅವು ಅಲ್ಲಾಡಲಿಲ್ಲ. ಅವನು ಕೇಳಿದ, ಇದು ಅವರ ದನಿಯಲ್ಲಿ ಇದೆಯೇ?

ಇಲ್ಲವೆಂದೆ.

ಅವನು ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡ. ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಮೇಷ್ಟ್ರು ಇದ್ದಿದ್ದರೆ ಜಗಳವಾಡುತ್ತಿದ್ದೆ, ಆಮೇಲೆ ಕೂತು ಉಣ್ಣುತ್ತಿದ್ದೆ, ಈಗ ಯಾರ ಜೊತೆ ಜಗಳ ಆಡಲಿ ಎಂದ. ತಾಯಿ ನನ್ನ ತಟ್ಟೆಯತ್ತ ಕೈ ತೋರಿಸಿ, ತಣ್ಣಗಾಗುತ್ತದೆ ಎಂದರು. ಉಂಡೆವು. ಉಪ್ಪು ಕಡಿಮೆಯಿತ್ತು. ಚಟ್ನಿಪುಡಿ ತೆಗೆದು ಕೊಟ್ಟಾಗ ಮುಟಿಸೊ ಒಂದು ಚಿಟಿಕೆ ಹಾಕಿಕೊಂಡ.

ಬಳ್ಳಾರಿ

ಬಳ್ಳಾರಿಯಲ್ಲಿ ರೈಲು ಇಳಿದಾಗ ಮಧ್ಯಾಹ್ನದ ಬಿಸಿಲು. ಮನೆಗೆ ಬಂದು ಬೀಗ ತೆಗೆದು, ಅವರ ಫೋಟೋವನ್ನು ಬುದ್ಧನ ಪಟದ ಕೆಳಗೆ ಮೊದಲಿನ ಜಾಗದಲ್ಲಿ ಇಟ್ಟೆ. ಟಿವಿಗಳು ಆ ವಿಷಯ ಬಿಟ್ಟು ಬಹಳ ದಿನವಾಯಿತು. ಗಲ್ಲಿಯಲ್ಲಿ ಈಗ ಯಾರೂ ಅದನ್ನು ಎತ್ತುವುದಿಲ್ಲ.

ಅವರ ಫೋನು ಈಗ ನನ್ನ ಹತ್ತಿರ ಇದೆ. ದಿನಾ ಒಂದಿಷ್ಟು ಹುಡುಕುತ್ತೇನೆ. ನಾನು ಕಸಿದುಕೊಳ್ಳುವ ಮೊದಲು ಒಂದೆರಡು ಮಾತಾದರೂ ಅದರಲ್ಲಿ ಉಳಿದಿರಬಹುದೆಂದು. ಶಾಲೆಯ ಮಕ್ಕಳಿಗೆ ಕವಾಯತು ಹೇಳಿಕೊಟ್ಟದ್ದಿದೆ. ಹಳೆಯ ಪಂದ್ಯಗಳಿವೆ. 'ಕಾಲುವಿ ನೀರು' ಎಂದು ಹೆಸರು ಕಟ್ಟಿದ್ದಿದೆ. 'ಇದ್ಲಿ ಗಾಡಿ' ಎಂದದ್ದು ಯಾರ ಫೋನಿನಲ್ಲಿ ಹುಡುಕಿದರೂ ಸಿಗುತ್ತದೆ. ತಪ್ಪಾಯಿತು ಎಂದದ್ದು ಅವರ ದನಿಯಲ್ಲಿ ಎಲ್ಲಿಯೂ ಇಲ್ಲ.